ಅತ್ತೆಯ ಹೇರ್‌ಪಿನ್ನು, ಕಾರಿನ ಹಳದಿ ದೀಪ

ಅತ್ತೆಯನ್ನು ಬಾಯ್ತುಂಬ ಹೊಗಳುವ ಸೊಸೆಯೊಬ್ಬಳು ಇದ್ದಾಳೆ ಅಂದರೆ ನಮ್ಮ ಮಂಡ್ಯದ ಕಡೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನ್ನ ಗಂಟೇನು ಹೋಗುತ್ತದೆ? ಹೆತ್ತ ಅಮ್ಮನೇ ನಂಬಲಿಲ್ಲ. "ಏನೋ ಮದ್ದು ಹಾಕಿದಾರೆ ಕಣೇ ನಿನಗೆ ಆ ಮದ್ರಾಸಿನೋರು" ಅಂದುಬಿಟ್ಟಿದ್ದಳು. ಮದ್ದೂ ಇಲ್ಲ, ಮಾಟವೂ ಇಲ್ಲ. ಅರವತ್ತರ ಹತ್ತಿರದ ಹೆಂಗಸೊಬ್ಬರು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುರುಬಿನಿಂದ ಹೇರ್‌ಪಿನ್ ಕಿತ್ತು, ಕಾರಿನ ಕಾಯಿಲೆ ಕಂಡುಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀವೂ ಕಂಡಿದ್ದರೆ ಹೊಗಳುತ್ತಿದ್ದಿರಿ.

ನಾನು ಮದುವೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಆಗಷ್ಟೇ ಊರಿನ ಹೆಸರು ಚೆನ್ನೈ ಆಗಿತ್ತು; ಅತ್ತೆಯ ಬಾಯಲ್ಲಿ ಮಾತ್ರ ಅದು ಎಂದೆಂದೂ ಮದ್ರಾಸೇ. ಟಿ. ನಗರದ ಸೀರೆ ಅಂಗಡಿಗಳ ಬೆನ್ನಿಗೇ ಇರುವ ಒಂದು ಗಲ್ಲಿಯಲ್ಲಿ ಮನೆ. ಮೂರು ತಲೆಮಾರಿನ ಹಿಂದೆ ಮೇಲುಕೋಟೆ ಕಡೆಯಿಂದ ಬಂದ ಮನೆತನ. ಮನೆಮಾತು ಕನ್ನಡ ಅಂತ ಹೆಸರಿಗೆ. ಅತ್ತೆಯ ಒಂದು ಮಾತಿನಲ್ಲಿ ತಮಿಳು ಅರ್ಧ, ಇಂಗ್ಲಿಷು ಕಾಲು, ಉಳಿದ ಜಾಗದಲ್ಲಿ ಕನ್ನಡ ಒತ್ತಿಕೊಂಡು ಕೂತಿರುತ್ತಿತ್ತು. "ಏನ್ಡೀ ಸುಮ್ಮನೆ ನಿಂತುಬಿಟ್ಟೆ, ಸೀಕ್ರಂ ಬಾ, ಕಾಪಿ ಆರಿಹೋಗತ್ತೆ" ಎಂದು ಮೊದಲ ದಿನವೇ ಅವರು ಕೂಗಿದಾಗ, ಗದರುತ್ತಿದ್ದಾರೋ ಮುದ್ದು ಮಾಡುತ್ತಿದ್ದಾರೋ ತಿಳಿಯದೆ ನಾನು ಓಡಿದ್ದೆ.

ಗದರುವವರು ಬೇರೆಯೇ ಇದ್ದರು. ಅದು ನಮ್ಮ ಮಾವ. ಬಂದರಿನಲ್ಲಿ ಕ್ರೇನುಗಳ ವಿದ್ಯುತ್ ಕೆಲಸ ನೋಡುವ ಫೋರ್‌ಮನ್ ಆಗಿ ನಿವೃತ್ತರಾದವರು. ಎದುರಿಗಿದ್ದವರು ಯಾರೇ ಇರಲಿ, ಅವರ ಬಾಯಲ್ಲಿ "ಕತ್ತೆ". ಮಗ ಕತ್ತೆ, ಹಾಲಿನವನು ಕತ್ತೆ, ಟಿವಿಯಲ್ಲಿ ಭಾಷಣ ಮಾಡುವ ಮಂತ್ರಿ ಕತ್ತೆ, ಸರಿಯಾಗಿ ಉರಿಯದ ಟ್ಯೂಬ್‌ಲೈಟು ಸಹ ಕತ್ತೆ. ನನಗೂ ಆ ಬಿರುದು ಬಂದ ದಿನ ಅತ್ತೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ, "ಸರಿ, ಇವತ್ತಿಂದ ನೀನು ಈ ಮನೆಯವಳಾದೆ" ಎಂದು ನಕ್ಕರು. ನನಗೇನೂ ನಗು ಬಂದಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನಾನು ಎರಡು ದಿನ ಮಾವನೊಡನೆ ಮಾತು ಬಿಟ್ಟಿದ್ದೆ.

ಆ ಮಾತೇ ಒಂದು ಬೆಳಿಗ್ಗೆ ನಿಂತುಹೋಯಿತು. ಸ್ನಾನದ ಮನೆಯಲ್ಲಿ ಮಾವ ಕುಸಿದರು, ಪಾರ್ಶ್ವವಾಯು. ಬಲಗೈ ಬಲಗಾಲು ಹೋದವು, ಅವುಗಳ ಜೊತೆ ಮಾತೂ ಹೋಯಿತು. ಕಾಲು ಕೋಲು ಹಿಡಿದು ಎಳೆದುಕೊಂಡು ನಡೆಯುವಷ್ಟು ಬಂತು. ಮಾತು ಬರಲಿಲ್ಲ. ಹೇಳಬೇಕಾದ್ದು ಅವರ ಕಣ್ಣಿನವರೆಗೂ ಬರುತ್ತಿತ್ತು, ನಾಲಿಗೆಗೆ ಇಳಿಯುತ್ತಿರಲಿಲ್ಲ. ಡಾಕ್ಟರು, "ಅವರಿಗೆ ಪ್ರಿಯವಾದ ಜಾಗ, ಪ್ರಿಯವಾದ ವಸ್ತು ತೋರಿಸ್ತಾ ಇರಿ, ಬಂದರೆ ಬರಬಹುದು" ಎಂದರು. ಮನೆ ಬಿಕೋ ಎನ್ನುತ್ತಿತ್ತು. ಒಂದು ಸಂಜೆ ಟ್ಯೂಬ್‌ಲೈಟು ಪಟಪಟ ಹೊಡೆದುಕೊಂಡಾಗ ಅತ್ತೆ ತಲೆಯೆತ್ತಿ ಕಾದರು. ಯಾರೂ ಕತ್ತೆ ಎನ್ನಲಿಲ್ಲ. ಅತ್ತೆ ಅಡುಗೆಮನೆಗೆ ಹೋಗಿ ಕುಕ್ಕರಿನ ಸದ್ದಿನಲ್ಲಿ ಅತ್ತುಬಿಟ್ಟರು. ಗಂಡ ಬೈಯುತ್ತಿಲ್ಲವಲ್ಲ ಎಂದು ಅಳುವ ಹೆಂಗಸನ್ನು ನಾನು ಅದೇ ಮೊದಲು ಕಂಡದ್ದು.

ಪ್ರಿಯವಾದ ಜಾಗ ಯಾವುದೆಂದು ಅತ್ತೆಗೆ ಯಾರೂ ಹೇಳಬೇಕಾಗಿರಲಿಲ್ಲ. ರಾಯಪುರಂ. ಬಂದರಿನ ಕ್ರೇನುಗಳು ಕಾಣುವ ಆ ಸಮುದ್ರದ ದಂಡೆ. ಆದರೆ ಮಡಚಲಾಗದ ಕಾಲನ್ನು ಆಟೋದಲ್ಲಿ ತುರುಕುವುದು ಹೇಗೆ? ಬಸ್ಸಿನ ಮಾತಂತೂ ದೂರ. ನಮ್ಮವರಿಗೆ ಅಂದರೆ ನನ್ನ ಗಂಡನಿಗೆ ಭಾನುವಾರವೂ ಕೆಲಸ. ನಾನು ಗಿಂಡಿಯ ಕೈಗಾರಿಕಾ ಎಸ್ಟೇಟಿನ ಒಂದು ಆಫೀಸಿನಲ್ಲಿ ದುಡಿಯುತ್ತಿದ್ದೆ, ಕಾರು ಓಡಿಸಲು ಬರುತ್ತಿರಲಿಲ್ಲ. ಅತ್ತೆ ಯಾರನ್ನೂ ಕೇಳದೆ ಡ್ರೈವಿಂಗ್ ಶಾಲೆಗೆ ಸೇರಿದರು. ಆ ವಯಸ್ಸಿನಲ್ಲಿ! ಹಣೆಗೆ ತಿಲಕ, ಮೂಗಿನ ಎರಡೂ ಕಡೆ ಬೇಸರಿ, ಪಾದದಲ್ಲಿ ಕ್ಯಾನ್‌ವಾಸ್ ಶೂ. ಲೈಸೆನ್ಸ್ ಕೈಗೆ ಬಂದ ವಾರದಲ್ಲೇ ಎರಡು ಕೈ ಬದಲಾಯಿಸಿದ ಒಂದು ಹಳೆಯ ಕಾರು ಮನೆಯ ಮುಂದೆ ನಿಂತಿತು. ಬಣ್ಣ ಕಾಪಿಯಂಥದು. ಯಾವ ಕಂಪನಿಯದು ಎಂದು ಹೇಳಿ ಆ ಮುದಿ ಕಾರಿನ ಮಾನ ಯಾಕೆ ಕಳೆಯಲಿ? ಹುಟ್ಟಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆ ಕಾಲಕ್ಕೆ ಆಧುನಿಕ. ಹೊಟ್ಟೆಯೊಳಗೊಂದು ಕಂಪ್ಯೂಟರು, ಎದುರಿನ ಫಲಕದಲ್ಲಿ ಎಂಜಿನ್ ಆಕಾರದ ಒಂದು ಪುಟ್ಟ ಹಳದಿ ದೀಪ. ಎಂಜಿನ್ನಿಗೆ ಏನಾದರೂ ಬಂದರೆ ಆ ದೀಪ ಹತ್ತುತ್ತದಂತೆ. ಹತ್ತಿದಾಗ ನೋಡಿಕೊಂಡರಾಯಿತು ಎಂದುಕೊಂಡೆವು.

ಪ್ರತಿ ಭಾನುವಾರ ಬೆಳಗಿನ ಹೊತ್ತು ಅತ್ತೆ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ರಾಯಪುರಕ್ಕೆ ಹೊರಡುತ್ತಿದ್ದರು. ನಾನೂ ಹಿಂದೆ ಕೂರುತ್ತಿದ್ದೆ. ಅಡ್ಡ ಬಂದ ಬಸ್ಸಿನವನಿಗೆ ಅತ್ತೆ ಕಿಟಕಿಯಿಂದ ತಲೆ ಹಾಕಿ ಹೇಳುತ್ತಿದ್ದ ತಮಿಳನ್ನು ನಾನಿಲ್ಲಿ ಬರೆಯಲಾರೆ. ಅಲ್ಲಿ ಮೀನುಗಾರ ದೋಣಿಗಳು ಬಂದು ನಿಲ್ಲುವ ಕಡೆ, ಕ್ರೇನುಗಳು ಕಾಣುವಂತೆ ಕಾರು ನಿಲ್ಲಿಸುವುದು. ಮೀನು ಮಾರುವ ಹೆಂಗಸರಿಗೆ ಅತ್ತೆ ಎಂದರೆ ಸಲಿಗೆ. "ಮಾಮಿ, ಮೀನ್ ವೇಣುಮಾ?" ಎಂದು ಬುಟ್ಟಿ ತೋರಿಸಿ ಕೆಣಕುತ್ತಿದ್ದರು. ಅತ್ತೆ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡೇ, ಮುಂದಿನ ಜನ್ಮದಲ್ಲಿ ಕೊಳ್ಳುತ್ತೇನೆ, ಎತ್ತಿಟ್ಟಿರಮ್ಮಾ ಎನ್ನುತ್ತಿದ್ದರು. ಮಾವ ಮಾತ್ರ ಕಣ್ಣು ಮಿಟುಕಿಸದೆ ಕ್ರೇನುಗಳನ್ನು ನೋಡುತ್ತಿದ್ದರು. ಕೆಲವು ವಾರ ಹೀಗೆ ಕಳೆದ ಮೇಲೆ ಒಂದು ದಿನ ಅವರ ಬಾಯಿಂದ "ಕ್ರೇನು" ಎಂಬ ಮಾತು ಬಂತು. ಇನ್ನೊಂದು ವಾರ "ಲೋಡು". ಮತ್ತೊಂದು ವಾರ "ಶಿಫ್ಟು". ಬಿಡಿ ಬಿಡಿ ಪದ, ಅಷ್ಟೇ. ಮನೆಗೆ ಬಂದರೆ ಮತ್ತೆ ಮೌನ. ಅತ್ತೆಗೆ ಅಷ್ಟೇ ಸಾಕಾಗಿತ್ತು. "ಇವತ್ತು ಲೋಡು ಅಂದ್ರು ಡೀ!" ಎಂದು ಮನೆಗೆ ಬಂದ ಕೂಡಲೇ ಬೀದಿಗೆಲ್ಲ ಹೇಳಿಬರುತ್ತಿದ್ದರು.

ಆ ವರ್ಷ ಮದ್ರಾಸಿನಲ್ಲಿ ನೀರಿನ ಬರ. ಮಳೆಗಾಲವೂ ಕೈಕೊಟ್ಟಿತ್ತು. ನಲ್ಲಿಯಲ್ಲಿ ಗಾಳಿ ಬರುತ್ತಿತ್ತೇ ಹೊರತು ನೀರಲ್ಲ. ಬೀದಿಗೆ ನೀರಿನ ಲಾರಿ ಬಂದರೆ ಪ್ಲಾಸ್ಟಿಕ್ ಬಿಂದಿಗೆಗಳ ಜಾತ್ರೆ, ಜಗಳ. ಕನ್ನಂಬಾಡಿಯ ನಾಲೆಯ ನೀರು ಕುಡಿದು ಬೆಳೆದ ನನಗೆ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮಾಡುವಾಗೆಲ್ಲ ಮೈಯೆಲ್ಲ ಉರಿಯುತ್ತಿತ್ತು, ಊರಿನ ಮೇಲೂ ಗಂಡನ ಮೇಲೂ. ಕಾರಿಗೆ ತಿಂಗಳುಗಟ್ಟಲೆ ಒದ್ದೆಬಟ್ಟೆಯ ಒರೆಸುವಿಕೆಯೇ ಗತಿ. ಆದರೆ ಆಯುಧಪೂಜೆ ಬಂತಲ್ಲ! ಆಯುಧಪೂಜೆಯ ದಿನ ಗಾಡಿಯನ್ನು ತೊಳೆಯದೆ ಹೂವು ಮುಡಿಸುವುದುಂಟೇ? ಅತ್ತೆ ನಾಲ್ಕಾರು ದಿನದಿಂದ ತಮ್ಮ ಪಾಲಿನ ನೀರನ್ನು ಉಳಿಸಿ ಉಳಿಸಿ ಹಂಡೆ ತುಂಬಿಸಿಟ್ಟಿದ್ದರು. "ನಮ್ಮನ್ನ ಹೊತ್ತುಕೊಂಡು ಹೋಗೋ ಗಾಡಿ ಡೀ, ವರ್ಷಕ್ಕೊಂದು ದಿನ ನಲ್ಲಾ, ಚೆನ್ನಾಗಿ ಸ್ನಾನ ಆಗ್ಲಿ" ಎಂದವರೇ ಮೈ ಮಾತ್ರ ತೊಳೆದು ಬಿಡಲಿಲ್ಲ. ಬಾನೆಟ್ ಎತ್ತಿ, ಸ್ತೋತ್ರ ಹೇಳುತ್ತ, ಚೊಂಬು ಚೊಂಬು ನೀರನ್ನು ಎಂಜಿನ್ನಿನ ತಲೆಯ ಮೇಲೆ ಹುಯ್ದರು. ಆಮೇಲೆ ಅದರಲ್ಲಿ ಎಲ್ಲೆಲ್ಲಿ ಗುಬುಟು ಕಂಡಿತೋ ಅಲ್ಲೆಲ್ಲ ಗಂಧ, ಗಂಧದ ಮೇಲೆ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು. ಜಗಲಿಯ ಕುರ್ಚಿಯಲ್ಲಿದ್ದ ಮಾವ ಕೋಲಿನಿಂದ ನೆಲಕ್ಕೆ ಟಕಟಕ ಕುಟ್ಟುತ್ತಲೇ ಇದ್ದರು. ಹಬ್ಬದ ಉತ್ಸಾಹ ಎಂದು ನಾವೆಲ್ಲ ನಕ್ಕೆವು. ನಾನು ಅವರ ಎಡಗೈಗೆ ಪುರಿ ಕಡಲೆ ಕೊಟ್ಟೆ. ಅವರು ಅದನ್ನು ಚೆಲ್ಲಿ ಮತ್ತೆ ಕುಟ್ಟಿದರು.

ಒಂದೆರಡು ವಾರ ಕಳೆಯಿತು. ಒಂದು ಭಾನುವಾರ ರಾಯಪುರದಿಂದ ಹೊರಡಲು ಅತ್ತೆ ಕೀ ತಿರುಗಿಸಿದರೆ ಹಳದಿ ದೀಪ ಹತ್ತಿತು. ಕಾರು ಕೆಮ್ಮಿತು, ಹಿಂದಿನಿಂದ ಕಪ್ಪು ಹೊಗೆ ಬಿಟ್ಟಿತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಹೇಗೋ ಮನೆ ಸೇರಿದೆವು. ಮಾರನೆಯ ದಿನ ಬಿಸಿಲಲ್ಲಿ ಗಿಂಡಿಯ ಒಂದು ವರ್ಕ್‌ಶಾಪಿಗೆ ಒಯ್ದರೆ ದೀಪ ಆರಿತ್ತು. ಏನೂ ಅರಿಯದ ಮಗುವಿನ ಹಾಗೆ ಎಂಜಿನ್ನು ಮೆತ್ತಗೆ ಗುನುಗುತ್ತಿತ್ತು.

ಅಲ್ಲಿನ ಮೆಕ್ಯಾನಿಕ್ ಒಳ್ಳೆಯ ಮನುಷ್ಯ, ಮೋಸಗಾರನಲ್ಲ. ಸ್ಟಿಯರಿಂಗಿನ ಕೆಳಗಿದ್ದ ಒಂದು ಡಬ್ಬಿಯ ಎರಡು ತೂತುಗಳಿಗೆ ತಂತಿ ಸಿಕ್ಕಿಸಿದ. ಕೂಡಲೇ ಹಳದಿ ದೀಪ ಮಿಣುಕಲು ಶುರುವಾಯಿತು. ಮಿಣುಕುಗಳನ್ನು ಎಣಿಸಿ, ಗೋಡೆಯ ಪಟ್ಟಿಯಲ್ಲಿ ಆ ಸಂಖ್ಯೆಗೆ ಏನಿದೆಯೋ ನೋಡಿ, ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಕಂಪ್ಯೂಟರಿಗೆ ಹೇಳುವ ಸೆನ್ಸರಿನ ತಕರಾರು ಎಂದ. ಅದು ತಪ್ಪು ಸುದ್ದಿ ಕೊಟ್ಟಾಗ ಕಂಪ್ಯೂಟರು ಎಂಜಿನ್ ಹಿಮದಲ್ಲಿದೆ ಎಂದು ತಿಳಿದು ಪೆಟ್ರೋಲನ್ನು ಎರಚಾಡುತ್ತದಂತೆ. ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ಪೆರುಮಾಳೇ! ಮದ್ರಾಸಲ್ಲಿ ಇದ್ಕೊಂಡು ಇದಕ್ಕೆ ಚಳಿಯಾ?"

ಮೆಕ್ಯಾನಿಕ್ ಮೊದಲ ಸಲ ಸೆನ್ಸರಿನ ವೈರನ್ನು ಬಿಚ್ಚಿ ನೋಡಿ ಹಾಗೇ ಹಾಕಿದ. ಕೆಲವು ದಿನ ಸರಿಯಿತ್ತು. ಮತ್ತೆ ರಾಯಪುರ, ಮತ್ತೆ ದೀಪ. ಎರಡನೆಯ ಸಲ ಹೊಸ ಸೆನ್ಸರನ್ನೇ ಹಾಕಿದ. ಮತ್ತೆ ಕೆಲವು ದಿನ ಸುಖ. ಮತ್ತೆ ಅದೇ ರಾಯಪುರ, ಅದೇ ದೀಪ, ಅದೇ ಕೆಮ್ಮು. ಒಂದು ದಿನವಂತೂ ಮಾವನನ್ನು ಕೂರಿಸಿಕೊಂಡೇ ಬೀಚ್ ರಸ್ತೆಯ ನಡುವೆ ಕಾರು ಸತ್ತುಹೋಯಿತು. ಹಿಂದಿನಿಂದ ಲಾರಿಗಳು ಹಾರನ್ ಬಾರಿಸುತ್ತಿದ್ದರೆ ಮಾವ ಮಗುವಿನಂತೆ ನನ್ನ ಕೈ ಹಿಡಿದುಕೊಂಡರು. ಆ ಹಿಡಿತ ನನಗೆ ಇವತ್ತಿಗೂ ನೆನಪಿದೆ. ಮೂರನೆಯ ಸಲ ಮೆಕ್ಯಾನಿಕ್ ಬೆವರು ಒರೆಸಿಕೊಂಡು, "ಕಂಪ್ಯೂಟರೇ ಪೋಯಿಡ್ಚಿಮ್ಮಾ" ಎಂದುಬಿಟ್ಟ. ಕಂಪ್ಯೂಟರೇ ಹೋಗಿದೆ, ಬದಲಾಯಿಸಬೇಕು. ಕಾರಿನ ಬೆಲೆಗಿಂತ ಅದರ ಬೆಲೆಯೇ ಹೆಚ್ಚು.

ಅವತ್ತು ರಾತ್ರಿ ಊಟದ ಹೊತ್ತಿಗೆ ನಮ್ಮವರು ತೀರ್ಮಾನ ಹೇಳಿದರು. "ಮಾರಿಬಿಡೋಣ ಅಮ್ಮ. ನಡುರೋಡಲ್ಲಿ ಅಪ್ಪನಿಗೆ ಏನಾದ್ರೂ ಆದ್ರೆ? ರಾಯಪುರಂ ಗೀಯಪುರಂ ಸಾಕು. ಬರೋ ಭಾನುವಾರ ಮಧ್ಯಾಹ್ನ ಒಬ್ಬರು ಕಾರು ನೋಡೋಕೆ ಬರ್ತಾರೆ."

"ಮಾರಿದ್ರೆ ಅವರ ಮಾತು?" ಎಂದರು ಅತ್ತೆ.

"ಎಲ್ಲಿದೆ ಅಮ್ಮ ಮಾತು? ಕ್ರೇನು, ಲೋಡು. ಅದೂ ಒಂದು ಮಾತಾ?"

ನನಗೆ ಎಲ್ಲಿತ್ತೋ ಸಿಟ್ಟು. "ನೀವು ಆಫೀಸಿಂದ ಬಂದು ಅಷ್ಟೂ ಮಾತಾಡಲ್ಲ" ಎಂದೆ. ನಮ್ಮವರು ತಟ್ಟೆ ಸರಿಸಿ ಎದ್ದರು. ಅವರದೂ ತಪ್ಪಲ್ಲ ಅನ್ನಿ, ಹೆದರಿಕೊಂಡಿದ್ದರು. ಜಗಲಿಯ ಕುರ್ಚಿಯಲ್ಲಿದ್ದ ಮಾವನಿಗೆ ಎಲ್ಲ ಕೇಳಿಸಿತ್ತು. ಕೋಲಿನ ತುದಿಯನ್ನೇ ನೋಡುತ್ತ ಕೂತಿದ್ದರು.

ಅತ್ತೆ ಅಳಲಿಲ್ಲ. ಮಾರನೆಯ ದಿನದಿಂದ ಅವರು ಶುರುಮಾಡಿದ ಕೆಲಸ ನೋಡಬೇಕಿತ್ತು! ಒಂದು ಮಾತು ಹೇಳಲು ಮರೆತೆ: ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಒಂದು ಲೈನಿನ ಪಿನ್ನು ಕಿತ್ತು ಇನ್ನೊಂದರ ತೂತಿಗೆ ಸಿಕ್ಕಿಸುತ್ತಲೇ ಆಯುಷ್ಯದ ಅರ್ಧ ಕಳೆದವರು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ ಕೈಯಲ್ಲೇ ಕಾರಿನ ಬಾಗಿಲು ತೆರೆದು, ತುರುಬಿನಿಂದ ಹೇರ್‌ಪಿನ್ ಕಿತ್ತು, ಮೆಕ್ಯಾನಿಕ್ ತಂತಿ ಸಿಕ್ಕಿಸಿದ್ದ ಅದೇ ಎರಡು ತೂತಿಗೆ ಸಿಕ್ಕಿಸಿ, ದೀಪದ ಮಿಣುಕು ಎಣಿಸುವರು. ಮಧ್ಯಾಹ್ನ ಬಿಸಿಲಲ್ಲಿ ಇನ್ನೊಮ್ಮೆ ಕಾರು ಶುರುಮಾಡಿ ನೋಡುವರು. ಬೆಳಿಗ್ಗೆ ಇಬ್ಬನಿಯಿದ್ದಾಗ ದೀಪ ಇರುತ್ತಿತ್ತು, ಮಧ್ಯಾಹ್ನ ಇರುತ್ತಿರಲಿಲ್ಲ. ಎಣಿಸಿದಾಗೆಲ್ಲ ಅದೇ ಸಂಖ್ಯೆ. ಬೀದಿಯವರು ಮಾಮಿಗೆ ಬುದ್ಧಿ ಕೆಟ್ಟಿತು ಎಂದುಕೊಂಡರು. ಅಂದುಕೊಳ್ಳಲಿ ಎಂದರು ಅತ್ತೆ.

ಶನಿವಾರ ನಾನು ಹುರುಳಿಕಾಯಿ ಬಿಡಿಸುತ್ತಿದ್ದಾಗ ಬಂದು ಎದುರಿಗೆ ಕೂತರು.

"ಕೇಳು. ಈ ಸಂಖ್ಯೆ ಇದೆಯಲ್ಲ, ಅದು ಹೇಳೋದು ಬೀದಿ ಹೆಸರು ಮಾತ್ರ. ಮನೆ ಯಾವ್ದು ಅಂತ ನಾವೇ ಹುಡುಕಬೇಕು. ಅವನು ಬೀದಿ ಹೆಸರು ಕೇಳಿದ ಕೂಡಲೇ ಮೊದಲ ಮನೆ ಬಾಗಿಲು ತಟ್ಟಿಬಿಟ್ಟ."

"ಹಾಗಂದ್ರೆ?"

"ಮೊದಲ ಸಲ ಅವನು ಏನು ಮಾಡ್ದ? ವೈರು ಬಿಚ್ಚಿ ಹಾಕ್ದ, ಅಷ್ಟೇ. ಸರಿಹೋಯ್ತು. ಎರಡನೇ ಸಲ ಹೊಸದು ಹಾಕ್ದ. ಆಗಲೂ ವೈರು ಬಿಚ್ಚಿ ಹಾಕಿರ್ತಾನೆ ತಾನೇ? ಸರಿಹೋಯ್ತು. ಗುಣ ಆಗಿದ್ದು ಹೊಸದರಿಂದಲೋ, ಬಿಚ್ಚಿ ಹಾಕಿದ್ದರಿಂದಲೋ?"

ನನ್ನ ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು. ಎಂಜಿನಿಯರುಗಳ ನಡುವೆ ಕೆಲಸ ಮಾಡುವ ನನಗೆ, ನಮ್ಮವರಿಗೆ, ಆ ಮೆಕ್ಯಾನಿಕ್‌ಗೆ, ಒಬ್ಬರಿಗೂ ಹೊಳೆಯದ ಪ್ರಶ್ನೆ. "ಎಕ್ಸ್‌ಚೇಂಜಲ್ಲಿ ಲೈನು ಕರಕರ ಅಂದ್ರೆ ಮೊದಲು ಪಿನ್ನು ಅಲ್ಲಾಡಿಸಿ ನೋಡು ಅಂತಿದ್ರು" ಎಂದು ಅತ್ತೆ ಒಂದು ಹಸಿ ಹುರುಳಿಕಾಯನ್ನು ಬಾಯಿಗೆ ಹಾಕಿಕೊಂಡರು. "ನಾಳೆ ರಾಯಪುರದಲ್ಲಿ ದೀಪ ಕಂಡಿಪ್ಪಾ ಹತ್ತತ್ತೆ, ಹತ್ತೇ ಹತ್ತತ್ತೆ. ಅಲ್ಲೇ ನೋಡೋಣ. ನೋವು ಇರೋವಾಗಲೇ ನಾಡಿ ಹಿಡೀಬೇಕು."

ಭಾನುವಾರ ಬಂತು. ಮಧ್ಯಾಹ್ನ ಕಾರು ನೋಡುವವರು ಬರುವವರಿದ್ದರು, ಆದ್ದರಿಂದ ಅದು ಕೊನೆಯ ರಾಯಪುರ ಎಂದು ಮಾವನಿಗೂ ಗೊತ್ತಿತ್ತು. ಅವತ್ತು ಅವರು ಒಂದು ಪದವನ್ನೂ ಆಡಲಿಲ್ಲ. ಕ್ರೇನುಗಳ ಕಡೆ ನೋಡಲೂ ಇಲ್ಲ. ಸಮುದ್ರದ ಗಾಳಿ ಒದ್ದೆಯಾಗಿತ್ತು, ಗಾಜಿನ ಮೇಲೆ ಉಪ್ಪು ಕೂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕೀ ತಿರುಗಿಸಿದರು. ಕೆಮ್ಮು, ಹೊಗೆ, ಹಳದಿ ದೀಪ.

"ಬಂದ್ಯಾ, ಬಾ!" ಎಂದು ಅತ್ತೆ ನೆಂಟರನ್ನು ಬರಮಾಡಿಕೊಳ್ಳುವವರ ಹಾಗೆ ಇಳಿದು ಬಾನೆಟ್ ಎತ್ತಿದರು. ನನ್ನನ್ನು ಚಾಲಕನ ಸೀಟಿಗೆ ತಳ್ಳಿ, "ದೀಪ ನೋಡ್ತಾ ಇರು. ಆರಿದ್ರೆ ಕೂಗು, ಹತ್ತಿದ್ರೆ ಕೂಗು" ಎಂದರು. ಸೆರಗು ಸೊಂಟಕ್ಕೆ ಹೋಯಿತು. ನಾನು ದೀಪವನ್ನೇ ನೋಡುತ್ತ ಕೂತೆ. ಮೀನಿನ ಹೆಂಗಸರೂ ಬುಟ್ಟಿ ಇಳಿಸಿ ಬಂದು ನಿಂತರು.

"ಆರ್ತು!" ಎಂದು ಕಿರುಚಿದೆ. "ಅಯ್ಯೋ, ಹತ್ತಿತು! ಆರ್ತು! ಮತ್ತೆ ಹತ್ತಿತು ಅತ್ತೆ!"

"ಏನೂ ಮಾಡಿಲ್ಲ ಡೀ, ವೈರು ಅಲ್ಲಾಡಿಸ್ತಾ ಇದೀನಿ, ಅಷ್ಟೇ" ಎಂದು ಬಾನೆಟ್ಟಿನ ಮರೆಯಿಂದ ಅವರ ದನಿ ಬಂತು. ಅದರಲ್ಲಿ ಎಂಥ ಗೆಲುವು! "ಎಂಜಿನ್ ಆಫ್ ಮಾಡಿ ಬಾ ಇಲ್ಲಿ."

ಹೋಗಿ ನೋಡಿದೆ. ಸೆನ್ಸರಿಗೆ ಬಂದು ಕೂರುವ ವೈರಿನ ತುದಿಯಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಪ್ಲಾಸ್ಟಿಕ್ ಟೋಪಿ. ಅತ್ತೆ ಅದನ್ನು ಬಿಚ್ಚಿ ತಿರುಗಿಸಿ ಹಿಡಿದಿದ್ದರು. ಅದರ ಒಳಗಿನ ರಬ್ಬರು ಹಳತಾಗಿ ಹರಿದಿತ್ತು. ತಾಮ್ರದ ಕಡ್ಡಿಗಳ ಮೇಲೆ ಹಸಿರು ಹಸಿರಾಗಿ ಕಿಲುಬು. ಹುಳಿ ಹಾಕಿಟ್ಟು ಮರೆತ ತಾಮ್ರದ ಪಾತ್ರೆಯಲ್ಲಿ ಹಿಡಿಯುತ್ತದಲ್ಲ, ಅದೇ. ಒಣಹವೆಯಲ್ಲಿ ಹೇಗೋ ಮುಟ್ಟಿಕೊಂಡಿರುತ್ತಿದ್ದ ಕಡ್ಡಿಗಳು ತೇವ ತಾಕಿದ ಕೂಡಲೇ ಸುದ್ದಿ ಕೊಡುವುದನ್ನು ನಿಲ್ಲಿಸುತ್ತಿದ್ದವು. ಇಷ್ಟೇ ಕಾಯಿಲೆ. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ.

ನಾನು ಹಿಗ್ಗಿ ಅವರ ಭುಜ ಹಿಡಿದು ಕುಣಿಯಬೇಕೆಂದಿದ್ದೆ. ಅತ್ತೆ ಮಾತ್ರ ಕಲ್ಲಾಗಿ ನಿಂತಿದ್ದರು. ಆ ಟೋಪಿಯ ಹೊರಗಿನ ಅಂಚನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಒಣಗಿದ ಗಂಧದ ಚಕ್ಕೆ, ಅದರ ಮೇಲೆ ದುಂಡಗೆ ಕುಂಕುಮದ ಬೊಟ್ಟು.

"ನಾನೇ ಡೀ" ಎಂದರು. "ಆಯುಧಪೂಜೆ. ಚೊಂಬು ಚೊಂಬು ಹುಯ್ದೆನಲ್ಲ. ಒಳಗೆ ನೀರಿಳಿದಿದೆ. ನಾನೇ ಮಾಡಿದ್ದು."

ಕುಡಿಯುವ ನೀರಿಗೆ ಊರು ಬಡಿದಾಡುತ್ತಿದ್ದ ವರ್ಷದಲ್ಲಿ ತಮ್ಮ ಪಾಲಿನ ನೀರನ್ನು ಉಳಿಸಿ, ಭಕ್ತಿಯಿಂದ ಕಾರಿನ ಕೊರಳಿಗೇ ಉರುಳು ಹಾಕಿದ್ದರು. ಬೇರೆ ಯಾರಾದರೂ ಆಗಿದ್ದರೆ ಆ ಬೊಟ್ಟನ್ನು ಅಲ್ಲೇ ಒರೆಸಿ, ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ನಾನಾದರೂ ಹಾಗೇ ಮಾಡುತ್ತಿದ್ದೆ ಎಂದು ಕಾಣುತ್ತದೆ. ಅತ್ತೆ ಮುಂದಿನ ಕಿಟಕಿಗೆ ಹೋಗಿ, "ಇಳೀರಿ. ಬಂದು ನೋಡಿ ನಾನೇನು ಮಾಡಿದೀನಿ ಅಂತ" ಎಂದು ಗಂಡನನ್ನು ಕರೆದರು.

ಅಷ್ಟು ಭಾನುವಾರಗಳಲ್ಲಿ ಮಾವ ಅಲ್ಲಿ ಕಾರಿನಿಂದ ಕೆಳಗಿಳಿದವರಲ್ಲ. ಅವತ್ತು ಇಳಿದರು. ನಾನೊಂದು ಕಡೆ, ಮೀನಿನ ಹೆಂಗಸೊಬ್ಬಳು ಒಂದು ಕಡೆ ಹಿಡಿದುಕೊಂಡೆವು. ಕಾರಿನ ಮೂತಿಗೆ ಸೊಂಟ ಆನಿಸಿ ನಿಂತು ಆ ಟೋಪಿಯೊಳಗೆ ಇಣುಕಿದರು. ಕಿಲುಬು ನೋಡಿದರು. ಕುಂಕುಮ ನೋಡಿದರು. ಆಮೇಲೆ ಅತ್ತೆಯ ಮುಖ ನೋಡದೆ ಎಡಗೈಯನ್ನು ಅವರ ಕಡೆ ಚಾಚಿದರು. ಫೋರ್‌ಮನ್ ತನ್ನ ಕೆಳಗಿನವರಿಂದ ಹತಾರ ಕೇಳುವ ರೀತಿ ಅದು. ಅತ್ತೆ ತುರುಬಿನಿಂದ ಹೇರ್‌ಪಿನ್ ಕಿತ್ತು ಆ ಕೈಯಲ್ಲಿಟ್ಟರು.

ಅತ್ತೆ ಟೋಪಿ ಹಿಡಿದರು, ಮಾವ ಕೆರೆದರು. ಎಡಗೈಯಾದರೂ ಪಿನ್ನಿನ ತುದಿ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು. ಕೆರೆಯುವುದು, ಉಫ್ ಎಂದು ಊದುವುದು, ಅತ್ತೆ ಸೆರಗಿನ ತುದಿಯಿಂದ ಒರೆಸುವುದು, ಮತ್ತೆ ಕೆರೆಯುವುದು. ಕಡ್ಡಿಗಳು ಹೊಸ ತಾಮ್ರದ ಬಣ್ಣಕ್ಕೆ ಬಂದ ಮೇಲೆ ಮಾವ ಗಲ್ಲ ಅಲ್ಲಾಡಿಸಿದರು. ಅತ್ತೆ ಟೋಪಿಯನ್ನು ಸೆನ್ಸರಿಗೆ ಒತ್ತಿ ಕೂರಿಸಿದರು. ಕೀ ತಿರುಗಿಸಿದರು. ಎಂಜಿನ್ನು ಒಂದೇ ಎಳೆತಕ್ಕೆ ಎದ್ದಿತು, ದೀಪ ಆರಿತು. ನಾನು ವೈರನ್ನು ಹಿಡಿದು ಬೇಕಂತಲೇ ಅಲ್ಲಾಡಿಸಿದೆ. ಹತ್ತಲಿಲ್ಲ.

ಅತ್ತೆ ಇಳಿದು ಬಂದು ಮಾವನೆದುರು ನಿಂತರು. ಮಾವ ಬಾಯಿ ತೆರೆದರು. ಎಂದಿನಂತೆ ಮುಚ್ಚುತ್ತಾರೆ ಎಂದುಕೊಂಡೆ. ಮುಚ್ಚಲಿಲ್ಲ. ಕುತ್ತಿಗೆಯ ನರ ಉಬ್ಬಿತು, ತುಟಿ ಒಂದು ಕಡೆಗೆ ಎಳೆಯಿತು.

"ಕತ್ತೆ" ಎಂದರು. ಉಸಿರು ತೆಗೆದುಕೊಂಡರು. "ಎಂಜಿನ್‌ಗೆ... ಯಾರಾದ್ರೂ... ತಲೆಗೆ... ನೀರು ಹಾಕ್ತಾರೇನೇ?"

ಇಡೀ ವಾಕ್ಯ! ತಲೆಯಿಂದ ಬಾಲದವರೆಗೆ ಇಡೀ ವಾಕ್ಯ! ಆಯುಧಪೂಜೆಯ ದಿನ ಕೋಲು ಕುಟ್ಟಿ ಕುಟ್ಟಿ ಹೇಳಲು ಹೆಣಗಿದ್ದು ಇದನ್ನೇ, ನಾನು ಪುರಿ ಕಡಲೆ ಕೊಟ್ಟು ಬಾಯಿ ಮುಚ್ಚಿಸಿದ್ದು ಇದನ್ನೇ. ಅತ್ತೆ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. "ಬೈದ್ರು!" ಎಂದರು. "ಕೇಳಿದ್ಯೇನೇ? ನನ್ನ ಬೈದ್ರು!" ಮೀನಿನ ಹೆಂಗಸರ ಕಡೆ ತಿರುಗಿ ಅದನ್ನೇ ತಮಿಳಿನಲ್ಲಿ ಸಾರಿದರು. ಗಂಡ ಬೈದನೆಂದು ನಡುರಸ್ತೆಯಲ್ಲಿ ನಗುತ್ತ ಅಳುವ ಮಾಮಿಯನ್ನು ಕಂಡು ಅವರಿಗೆ ಏನು ಅರ್ಥವಾಯಿತೋ ಕಾಣೆ. ಒಬ್ಬಳು ತನ್ನ ಕಣ್ಣನ್ನೂ ಒರೆಸಿಕೊಂಡಳು. ನನ್ನ ಕಥೆ ಕೇಳಬೇಡಿ, ನಾನಾಗಲೇ ಕಾರಿಗೆ ಒರಗಿ ಬಿಕ್ಕುತ್ತಿದ್ದೆ.

ಮನೆಗೆ ಬಂದಾಗ, ಕಾರು ನೋಡುವವರಿಗಾಗಿ ಅವತ್ತು ರಜೆ ಹಾಕಿದ್ದ ನಮ್ಮವರು ಕಾರಿನ ಕಾಗದಪತ್ರ ತೆಗೆದಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. "ದೀಪ?" ಎಂದರು.

"ದೀಪ ಬಿಡೋ. ಅದು ನನ್ನಿಂದಲೇ ಆದದ್ದು, ನಾಳೆ ಆ ಮೆಕ್ಯಾನಿಕ್‌ಗೂ ಹೋಗಿ ಹೇಳಿ ಬರ್ತೀನಿ" ಎಂದರು ಅತ್ತೆ. "ನಿಮ್ಮಪ್ಪ ನನ್ನ ಬೈದ್ರು ಕಣೋ."

ನಮ್ಮವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮಾವನನ್ನು ಕುರ್ಚಿಯಲ್ಲಿ ಕೂರಿಸಿದೆವು. ಅಷ್ಟು ದೊಡ್ಡ ಗಂಡಸು, ಆಫೀಸಿನಲ್ಲಿ ಹತ್ತಾರು ಜನ ಕೈಕೆಳಗಿರುವವರು, ನೆಲಕ್ಕೆ ಕುಕ್ಕರಿಸಿ ಅಪ್ಪನ ಮೊಣಕಾಲು ಹಿಡಿದುಕೊಂಡರು. "ಅಪ್ಪಾ, ನನ್ನೂ ಒಂದ್ಸಲ ಬೈಯಪ್ಪ" ಎಂದರು.

ಮಾವ ಮಗನನ್ನು ನೋಡಿದರು. ಆಮೇಲೆ ಆ ಕಾಗದಪತ್ರಗಳನ್ನು. ಎಡಗೈಯಿಂದ ಕೋಲೆತ್ತಿ ಗೇಟಿನಾಚೆ ನಿಂತಿದ್ದ ಕಾರಿನ ಕಡೆ ತೋರಿಸಿದರು.

"ಅದನ್ನ... ಮಾರ್ತೀಯಾ?" ಎಂದರು. ಬಾಯಿ ಎಳೆಯಿತು, ನಾವೆಲ್ಲ ಕಾದೆವು. "ಕತ್ತೆ."

ನಮ್ಮವರು ಎದ್ದು ಒಳಗೆ ಹೋಗಿ ಕಾರು ನೋಡಲು ಬರುವವರಿಗೆ ಫೋನು ಮಾಡಿದರು. ಕಾರು ಮಾರುವುದಿಲ್ಲ, ಅಪ್ಪ ಎಂದವರೇ ಅತ್ತುಬಿಟ್ಟರು, ಮಾತಾಡಿದರು ಎನ್ನುವುದು ಬಾಯಲ್ಲೇ ಉಳಿಯಿತು. ಅಪ್ಪನಿಗೇ ಏನೋ ಆಗಿಹೋಗಿದೆ ಎಂದು ತಿಳಿದ ಆ ಮನುಷ್ಯ, ಧೈರ್ಯ ತಂದುಕೊಳ್ಳಿ ಸಾರ್ ಎಂದು ಸಮಾಧಾನ ಹೇಳಿ ಫೋನಿಟ್ಟನಂತೆ.